ವಾಕ್ಯಕ್ಕೊಬ್ಬ ವಾರಸುದಾರ ಬೇಕು

ಪ್ರೀತಿಯ ತಂಗಿಗೆ,

ನಿನ್ನ ಪತ್ರ ಓದಿದೆ. ಕನ್ನಡ ವಿಕಿಪೀಡಿಯ ಪುಟದ ಇತಿಹಾಸವನ್ನೂ ಕೆಳಗಿನಿಂದ ಮೇಲಿನವರೆಗೆ ನೋಡಿದೆ. ಕಾಸರಗೋಡಿನ ಬಗ್ಗೆ ನೀನು ಸೇರಿಸಿದ ಸಾಲನ್ನು ಒಬ್ಬರು ತೆಗೆದರು, ನೀನು ಮತ್ತೆ ಹಾಕಿದೆ, ಅವರು ಮತ್ತೆ ತೆಗೆದರು. ಒಂದೇ ಸಂಜೆಗೆ ನಿನ್ನ ಕಡೆಯಿಂದ ಮೂರು ಸಲ. ಈಗ ‘ವಿಕಿಪೀಡಿಯದ ಸಹವಾಸವೇ ಬೇಡ’ ಅನ್ನುತ್ತೀ. ಬೇಸರ ಆಗುವುದೇ ಮಾರಾಯ್ತಿ. ಆದರೆ ಆ ಮೂರೂ ಸಲ, ಬದಲಾವಣೆಗೆ ಕಾರಣ ಬರೆಯುವ ಸಾರಾಂಶದ ಪೆಟ್ಟಿಗೆಯನ್ನು ಖಾಲಿ ಬಿಟ್ಟಿದ್ದೀಯಲ್ಲ, ಅದಕ್ಕೆ ಎಂತ ಹೇಳುವುದು? ‘ಮಹಾಜನ ಆಯೋಗದ ವರದಿಯಲ್ಲಿದೆ, ಚರ್ಚೆ ಪುಟ ನೋಡಿ’ ಎಂದಿಷ್ಟು ಬರೆಯಲು ಅರ್ಧ ನಿಮಿಷ ಬೇಡ. ಖಾಲಿ ಪೆಟ್ಟಿಗೆ ಕಂಡರೆ ಎದುರಿನವರಿಗೆ ನಿನ್ನ ಕಾರಣ ತಿಳಿಯುವುದಿಲ್ಲ, ಹಠ ಮಾತ್ರ ಕಾಣುತ್ತದೆ.

ವರ್ಗ ಹಾಕುವುದು, ಚಿತ್ರ ಸೇರಿಸುವುದು, ಪಟ್ಟಿ ಮಾಡುವುದು ಹೇಗೆಂದು ಕೇಳಿದ್ದೀ. ಅವೆಲ್ಲ ಮಾಡುತ್ತಾ ಮಾಡುತ್ತಾ ಬರುತ್ತವೆ, ಬಿಡು. ನನಗೆ ಹೇಳಲಿಕ್ಕಿರುವುದು ಒಂದೇ. ಜಗಳ ಹುಟ್ಟುವ ಜಾಗದಲ್ಲಿ ಪ್ರತಿ ವಾಕ್ಯಕ್ಕೂ ಒಬ್ಬ ವಾರಸುದಾರ ಬೇಕು.

ನೀನು ಬರೆದದ್ದು ‘ಕಾಸರಗೋಡು ನ್ಯಾಯವಾಗಿ ಕರ್ನಾಟಕಕ್ಕೆ ಸೇರಬೇಕಾದ ಪ್ರದೇಶ’ ಎಂದು. ಹೇಳುತ್ತಿರುವವರು ಯಾರು? ಓದಿದರೆ ವಿಶ್ವಕೋಶವೇ ತೀರ್ಪು ಕೊಟ್ಟ ಹಾಗಿದೆ. ಅದನ್ನು ಬಿಡಿಸಿ ನೋಡು. 1956ರ ನವೆಂಬರ್ 1ರಂದು, ಅಲ್ಲಿಯವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡದಲ್ಲಿದ್ದ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಇದರ ಬಗ್ಗೆ ಯಾರಿಗೂ ತಕರಾರಿಲ್ಲ, ಒಂದು ಉಲ್ಲೇಖ ಸಾಕು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು, ಗಡಿ ತಕರಾರು ಪರಿಶೀಲಿಸಿದ ಮಹಾಜನ ಆಯೋಗ 1967ರ ವರದಿಯಲ್ಲಿ ಶಿಫಾರಸು ಮಾಡಿತು. ಇದರ ವಾರಸುದಾರ ಆಯೋಗ, ಅದರ ಹೆಸರು ವಾಕ್ಯದೊಳಗೇ ಬರಬೇಕು. ಕೇರಳ ಅದನ್ನು ಒಪ್ಪಲಿಲ್ಲ, ಶಿಫಾರಸು ಜಾರಿಗೆ ಬರಲಿಲ್ಲ. ಇದನ್ನು ನೀನು ಬರೆಯಲೇ ಇಲ್ಲ. ನಿನ್ನ ಸಾಲು ತೆಗೆದವರು ಸಿಟ್ಟಾದದ್ದು ಅಲ್ಲಿಗೇ ಇರಬೇಕು. ಇನ್ನು ‘ನ್ಯಾಯವಾಗಿ’ ಎಂಬ ಪದ. ಅದು ನಿನ್ನ ಎದೆಯಿಂದ ಬಂದದ್ದು, ಗಡಿನಾಡಿನಲ್ಲಿ ಕನ್ನಡ ಶಾಲೆಯಲ್ಲಿ ಕಲಿತ ಯಾರ ಎದೆಯಲ್ಲೂ ಇರುವಂಥದ್ದು. ಆದರೆ ಅದನ್ನು ಹೇಳಿದವರ ಹೆಸರು, ಪುಸ್ತಕ, ಪುಟಸಂಖ್ಯೆ ಸಿಕ್ಕರೆ ಅವರ ಅಭಿಪ್ರಾಯವೆಂದು ಹಾಕು. ಸಿಗದಿದ್ದರೆ ತೆಗೆ.

ಊರ ಹೆಸರಿನ ಜಗಳವೂ ಹಾಗೆಯೇ. ಸಂಸ್ಕೃತದ ಕಾಸಾರ, ಅಂದರೆ ಕೆರೆಯಿಂದ ಬಂತೆಂದು ಒಂದು ಪಕ್ಷ; ಕಾಸರಕನ ಮರದಿಂದ ಬಂತೆಂದು ಇನ್ನೊಂದು. ಮಲಯಾಳದವರು ಕಾಞಿರ ಎನ್ನುವುದೂ ಅದೇ ಮರವನ್ನು. ಎರಡೂ ವಿವರಣೆ ಪುಟದಲ್ಲಿರಲಿ, ಒಂದೊಂದಕ್ಕೂ ಹೇಳಿದವರ ಹೆಸರಿರಲಿ. ದೇವಸ್ಥಾನದ ಕಿರುಹೊತ್ತಗೆಯಲ್ಲಿದ್ದರೆ ‘ಸ್ಥಳಪುರಾಣದ ಪ್ರಕಾರ’ ಎಂದೇ ಬರೆ. ಒಂದು ಎಚ್ಚರಿಕೆ: ಆಧಾರವೆಂದು ಕೊಡುವ ಲೇಖನ ವಿಕಿಪೀಡಿಯದಿಂದಲೇ ನಕಲು ಮಾಡಿದ್ದಾಗಿರಬಹುದು. ತಾರೀಕು ನೋಡು. ನಮ್ಮದೇ ಸಾಲು ಊರು ಸುತ್ತಿ ಬಂದು ನಮಗೇ ಸಾಕ್ಷಿ ಹೇಳಿದರೆ ಅದು ಆಧಾರವಾಗುವುದಿಲ್ಲ.

ಈಗ ನೀನು ಮಾಡಬೇಕಾದದ್ದು. ನಾಲ್ಕನೆಯ ಸಲ ಹಾಕಬೇಡ. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಇತರರ ಬದಲಾವಣೆ ರದ್ದು ಮಾಡಿದರೆ ಖಾತೆಗೆ ತಡೆ ಬೀಳಬಹುದು. ಬೇರೆ ಬೇರೆ ಸಾಲಾದರೂ ಲೆಕ್ಕ ಒಟ್ಟಿಗೆ. ಮೂರು ಸಲದ ಹಕ್ಕಿದೆ ಎಂದು ಅದರ ಅರ್ಥವಲ್ಲ. 25ನೆಯ ಗಂಟೆಗೆ ಕಾದು ಕೂತು ರದ್ದು ಮಾಡುವವರನ್ನೂ ತಡೆಯುತ್ತಾರೆ. ತಪ್ಪು ಸಾಲು ಪುಟದಲ್ಲಿ ನಾಲ್ಕು ದಿನ ಇದ್ದರೆ ಚಂದ್ರಗಿರಿ ಹಿಂದಕ್ಕೆ ಹರಿಯುವುದಿಲ್ಲ.

ಚರ್ಚೆ ಪುಟದಲ್ಲಿ ಹೊಸ ವಿಭಾಗ ತೆರೆ. ವಿವಾದದ ಸಾಲು, ಅದರ ಬದಲು ನೀನು ಸೂಚಿಸುವ ಸಾಲು, ಆಧಾರ ಮತ್ತು ಪುಟಸಂಖ್ಯೆ, ಕೊನೆಗೆ ನಾಲ್ಕು ಟಿಲ್ಡೆಯ (~~~~) ಸಹಿ. ನಿನ್ನ ಸಾಲು ತೆಗೆದವರ ಸದಸ್ಯ ಪುಟದ ಕೊಂಡಿ ಕೊಟ್ಟು ಸಹಿ ಸಮೇತ ಉಳಿಸಿದರೆ ಅವರಿಗೆ ಸೂಚನೆ ಹೋಗುತ್ತದೆ. ಸಹಿ ಮರೆತರೆ ಹೋಗುವುದಿಲ್ಲ, ಆಮೇಲೆ ‘ಉತ್ತರವೇ ಇಲ್ಲ’ ಎಂದು ದೂರುವುದು ಬೇರೆ. ‘ನೀವು ಕನ್ನಡದ್ರೋಹಿ’ ಎಂಬ ಧಾಟಿ ಬೇಡ. ಸಾಲಿನ ಬಗ್ಗೆ ಮಾತಾಡು, ಆಳಿನ ಬಗ್ಗೆ ಬೇಡ. ಕನ್ನಡ ವಿಕಿಪೀಡಿಯದಲ್ಲಿ ಬರೆಯುವ ಕೈಗಳು ಕಡಿಮೆ, ಹಾಗಾಗಿ ಒಂದು ವಾರವಾದರೂ ಕಾಯಿ. ಆಮೇಲೂ ಬಗೆಹರಿಯದಿದ್ದರೆ ಅರಳಿ ಕಟ್ಟೆಯಲ್ಲಿ, ಅಂದರೆ ಕನ್ನಡ ವಿಕಿಪೀಡಿಯದ ಎಲ್ಲರೂ ಸೇರುವ ಚರ್ಚೆಯ ಪುಟದಲ್ಲಿ, ಒಂದೇ ಸಾಲು ಹಾಕು: ‘ಈ ಪುಟದ ಚರ್ಚೆಗೆ ಇನ್ನಷ್ಟು ಅಭಿಪ್ರಾಯ ಬೇಕು.’ ಯಾರು ಸರಿ ಎಂದು ಅಲ್ಲಿ ಹೇಳಬೇಡ. ಇಂಗ್ಲಿಷಿನಲ್ಲಾದರೆ ಇಬ್ಬರ ನಡುವಿನ ಜಗಳಕ್ಕೆ ಮೂರನೆಯವರ ಅಭಿಪ್ರಾಯ ಕೇಳುವ ಪುಟ ಬೇರೆಯೇ ಇದೆ. ಎಲ್ಲರ ಅಭಿಪ್ರಾಯ ಕೋರುವ ಚರ್ಚೆ ಸಾಮಾನ್ಯವಾಗಿ 30 ದಿನ ನಡೆಯುತ್ತದೆ. ಎಲ್ಲಿ ಹೋದರೂ ಮೊದಲು ಕೇಳುವುದು ‘ಚರ್ಚೆ ಪುಟದಲ್ಲಿ ಮಾತಾಡಿದ್ದೀರಾ?’ ಎಂದೇ.

ನಿರ್ವಾಹಕರಿಗೆ ದೂರು ಕೊಡುತ್ತೇನೆ ಎಂದಿದ್ದೀ. ಅವರು ಇತಿಹಾಸದ ನ್ಯಾಯಾಧೀಶರಲ್ಲ. ನಡತೆ ನೋಡುತ್ತಾರೆ, ಖಾತೆಗೆ ತಡೆ ಹಾಕುತ್ತಾರೆ, ಇಲ್ಲವೇ ಪುಟಕ್ಕೆ ಬೀಗ ಹಾಕುತ್ತಾರೆ. ಬೀಗ ಬೀಳುವ ಹೊತ್ತಿಗೆ ಪುಟದಲ್ಲಿರುವುದು ಯಾವಾಗಲೂ ತಪ್ಪು ಆವೃತ್ತಿಯೇ, ಎರಡೂ ಕಡೆಯವರ ಪ್ರಕಾರ!

ಗೆಳತಿಯರ ವಾಟ್ಸಾಪ್ ಗುಂಪಿಗೆ ಕೊಂಡಿ ಹಾಕಿದ್ದೀಯಂತೆ. ಅದನ್ನು ಈಗಲೇ ಅಳಿಸು. ತಾಳಮದ್ದಳೆಯಲ್ಲಿ ಅರ್ಥಧಾರಿಯ ವಾದಕ್ಕೆ ಚಪ್ಪಾಳೆ ಬಿದ್ದರೆ ಪ್ರಸಂಗಕ್ಕೆ ಕಳೆ. ಇಲ್ಲಿ ಚಪ್ಪಾಳೆ ತಟ್ಟಲು ಜನ ಕರೆತಂದರೆ ಅದೇ ತಪ್ಪು. ಹತ್ತು ಜನ ಬಂದು ‘ಹೌದು ಹೌದು’ ಅಂದರೂ ಒಂದು ಪುಟಸಂಖ್ಯೆಗೆ ಸಮವಲ್ಲ. ಎರಡನೇ ಖಾತೆ ತೆರೆದು ನಿನ್ನ ಮಾತಿಗೆ ನೀನೇ ತಲೆದೂಗುವುದಂತೂ ಬೇಡವೇ ಬೇಡ. ಒಳ್ಳೆಯ ಕೈಗಳು ಹಾಗೆ ಹಾಳಾದದ್ದು ನೆನೆದರೆ ಈಗಲೂ ಸಂಕಟ.

ನಿನ್ನ ಕನ್ನಡ ಚೆಂದ ಉಂಟು. ಅದಕ್ಕೇ ಇಷ್ಟು ಉದ್ದ ಬರೆದದ್ದು. ಬೇಕಲ ಕೋಟೆಯನ್ನು ಕಟ್ಟಿಸಿದವರು ಯಾರೆಂಬ ಚರ್ಚೆಗೆ ಈಗಲೇ ಕೈ ಹಾಕಬೇಡ. ಮೊದಲು ಗ್ರಂಥಾಲಯಕ್ಕೆ ಹೋಗಿ ಮಹಾಜನ ವರದಿ ತೆಗೆಸಿ, ಶಿಫಾರಸು ಯಾವ ಪುಟದಲ್ಲಿದೆ ಎಂದು ಗುರುತು ಮಾಡಿಕೋ. ಚರ್ಚೆ ಪುಟಕ್ಕೆ ಹಾಕುವ ಸಾಲನ್ನು ಬೇಕಾದರೆ ನನಗೆ ಕಳಿಸು, ನೋಡಿ ಕೊಡುತ್ತೇನೆ.

ಇತಿ,
ನಿನ್ನ ಅಣ್ಣ