ಕಲಾವಿದನ ಹೆಸರಿನ ಕಟ್ಟಡಕ್ಕೆ ಮೊದಲು ಕೃತಿಗಳ ದಾಸ್ತಾನು ಪುಸ್ತಕ ಬೇಕು

ಸಂಪಾದಕರಿಗೆ,

ಮಾನ್ಯರೇ,

ನಾಡಿನ ಹಿರಿಯ ಚಿತ್ರಕಲಾವಿದರ ಹೆಸರಿನಲ್ಲಿ ಸರ್ಕಾರ ಒಂದೊಂದು ಸಂಗ್ರಹಾಲಯ ಕಟ್ಟಿಸಬೇಕೆಂಬ ಒತ್ತಾಯ ಓದುಗರ ಪತ್ರಗಳಲ್ಲಿಯೂ ಸಭೆ ಸಮಾರಂಭಗಳಲ್ಲಿಯೂ ಆಗಾಗ ಕೇಳಿಬರುತ್ತದೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ನನಗೆ ಈ ಬೇಡಿಕೆಯ ಬಗ್ಗೆ ಸಹಾನುಭೂತಿಯೇ ಇದೆ. ಆದರೆ ಮಗಳ ಮನೆಗೆಂದು ಅಮೆರಿಕದ ಡೆನ್ವರ್ ನಗರಕ್ಕೆ ಹೋಗಿದ್ದಾಗ, ಒಬ್ಬನೇ ಕಲಾವಿದನಿಗೆ ಮೀಸಲಾದ ಸಂಗ್ರಹಾಲಯವೊಂದನ್ನು ಮೂರು ಬಾರಿ ನೋಡಿ ಬಂದ ಮೇಲೆ, ನಾವು ಕೊನೆಯಲ್ಲಿ ಕೇಳಬೇಕಾದುದನ್ನು ಮೊದಲು ಕೇಳುತ್ತಿದ್ದೇವೆಂದು ಅನ್ನಿಸಿತು. ಅದಕ್ಕಾಗಿ ಈ ಪತ್ರ.

ಡೆನ್ವರ್‌ನ ಆ ಸಂಗ್ರಹಾಲಯ ಇರುವುದು ಕ್ಲಿಫರ್ಡ್ ಸ್ಟಿಲ್ ಅವರ ಹೆಸರಿನಲ್ಲಿ. 1904ರಲ್ಲಿ ಉತ್ತರ ಡಕೋಟಾದ ಗ್ರ್ಯಾಂಡಿನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ಕೆನಡಾದ ಗೋಧಿ ಹೊಲಗಳಲ್ಲಿ ದುಡಿದು ಬೆಳೆದ ಸ್ಟಿಲ್, ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಅಮೂರ್ತ (ಗುರುತಿಸಬಹುದಾದ ಆಕೃತಿಗಳಿಲ್ಲದ) ಚಿತ್ರಕಲೆಗೆ ದಾರಿ ಮಾಡಿಕೊಟ್ಟವರಲ್ಲಿ ಒಬ್ಬರು. ಅದೇ ಪೀಳಿಗೆಯ ಅಮೆರಿಕದ ಚಿತ್ರಕಾರರಾದ ಪೊಲಾಕ್ ಮತ್ತು ರಾತ್ಕೊ ಅವರಷ್ಟು ಹೆಸರು ಜನರ ನಾಲಿಗೆಯ ಮೇಲೆ ನಿಲ್ಲದಿರುವುದಕ್ಕೆ ಬಹುಮಟ್ಟಿಗೆ ಅವರೇ ಕಾರಣ. 1950ರ ದಶಕದ ಆರಂಭದಲ್ಲಿಯೇ ಅವರು ವ್ಯಾಪಾರಿ ಗ್ಯಾಲರಿಗಳ ಸಂಬಂಧ ಕಡಿದುಕೊಂಡರು. 1961ರಲ್ಲಿ ನ್ಯೂಯಾರ್ಕ್ ಬಿಟ್ಟು ಮೇರಿಲ್ಯಾಂಡ್‌ನ ಹಳ್ಳಿಗಾಡಿಗೆ ಹೋದರು. ಮಾರಿದ್ದು ತೀರ ಕಡಿಮೆ, ಬರೆದದ್ದು ಅಪಾರ. 1980ರಲ್ಲಿ ತೀರಿಕೊಂಡಾಗ ಅವರು ಬಿಟ್ಟುಹೋದ ಉಯಿಲು ಚಿಕ್ಕದಾಗಿತ್ತು: ತಮ್ಮಲ್ಲಿ ಉಳಿದಿರುವ ಕೃತಿಗಳಿಗೆ ಮಾತ್ರ ಮೀಸಲಾದ ಶಾಶ್ವತ ನೆಲೆಯೊಂದನ್ನು ಕಟ್ಟಿಕೊಡುವ ಅಮೆರಿಕದ ಯಾವುದಾದರೂ ನಗರಕ್ಕೆ ಅವೆಲ್ಲವೂ ಸೇರಬೇಕು; ಅವುಗಳಲ್ಲಿ ಒಂದನ್ನೂ ಮಾರಕೂಡದು, ಕೊಡಕೂಡದು, ಬದಲಾಯಿಸಕೂಡದು. ಬೇರೆ ಯಾರ ಚಿತ್ರವೂ ಅಲ್ಲಿ ಇರಕೂಡದೆಂಬುದೂ, ಉಪಾಹಾರ ಗೃಹ ಮತ್ತು ಸಭಾಂಗಣ ಬೇಡವೆಂಬುದೂ ಕರಾರಿನ ಭಾಗ. ನಮ್ಮಲ್ಲಿ ಸಂಗ್ರಹಾಲಯದ ನಕ್ಷೆ ಆರಂಭವಾಗುವುದೇ ಸಭಾಂಗಣದಿಂದ ಎಂಬುದನ್ನು ಇಲ್ಲಿ ನೆನೆಯದಿರಲಾಗದು.

ಈ ಷರತ್ತಿಗೆ ಒಪ್ಪುವ ನಗರ ಸಿಗಲು ಇಪ್ಪತ್ತನಾಲ್ಕು ವರ್ಷ ಬೇಕಾಯಿತು. ಅಷ್ಟು ಕಾಲವೂ ಅವರ ಪತ್ನಿ ಪೆಟ್ರೀಷಿಯಾ ಆ ಚಿತ್ರಗಳನ್ನು ಚದುರಿಹೋಗಗೊಡದೆ ಕಾಯ್ದರು. ಸ್ಟಿಲ್ ಎಂದೂ ನೆಲೆಸಿರದ ಡೆನ್ವರ್ 2004ರಲ್ಲಿ ಆಯ್ಕೆಯಾಯಿತು, ಮರುವರ್ಷವೇ ಪೆಟ್ರೀಷಿಯಾ ತೀರಿಕೊಂಡರು, 2011ರ ನವೆಂಬರ್‌ನಲ್ಲಿ ಬಾಗಿಲು ತೆರೆಯಿತು. ಹೀಗೆ ಒಂದೇ ಸೂರಿನಡಿ ಸೇರಿದ್ದು ಕ್ಯಾನ್ವಾಸ್ ಮತ್ತು ಕಾಗದದ ಮೇಲಿನ ಸುಮಾರು 3,100 ಕೃತಿಗಳು. ಅವರು ಜೀವಮಾನವಿಡೀ ಮಾಡಿದ್ದರಲ್ಲಿ ಶೇಕಡ 93ರಷ್ಟು.

ಇದರಿಂದ ನೋಡುವವನಿಗೆ ಏನು ಲಾಭ ಎಂಬುದು ನನಗೆ ಅರ್ಥವಾದದ್ದು ಎರಡನೆಯ ಭೇಟಿಯಲ್ಲಿ. ಮೇಲಂತಸ್ತಿನಲ್ಲಿ ಒಂಬತ್ತು ಕೋಣೆಗಳಿವೆ; ಚಾವಣಿಯ ಕಾಂಕ್ರೀಟಿನಲ್ಲಿ ಜರಡಿಯಂತೆ ರಂಧ್ರಗಳನ್ನು ಬಿಟ್ಟು ಹಗಲಿನ ಬೆಳಕನ್ನು ಸೋಸಿ ಒಳಗೆ ಬಿಡಲಾಗಿದೆ. ಆರಂಭದ ಚಿತ್ರಗಳಲ್ಲಿ 1930ರ ದಶಕದ ಆರ್ಥಿಕ ಕುಸಿತದ ಕಾಲದ ರೈತರಿದ್ದಾರೆ: ಬಡಕಲು ಮೈ, ಇಳಿಬಿದ್ದ ತೋಳು, ಮೈಗೆ ಮೀರಿದ ದೊಡ್ಡ ಕೈಗಳು. ಮುಂದೆ ಹೋದಂತೆ ಮುಖ ಮಾಯವಾಗುತ್ತದೆ, ಕೈ ಕರಗುತ್ತದೆ, ಆದರೆ ನೆಟ್ಟಗೆ ನಿಂತ ನಿಲುವು ಮಾತ್ರ ಉಳಿಯುತ್ತದೆ. ಕೊನೆಗೆ ಗೋಡೆಯಷ್ಟು ಅಗಲದ ಕ್ಯಾನ್ವಾಸಿನಲ್ಲಿ, ಪ್ಯಾಲೆಟ್ ನೈಫಿನಿಂದ (ಬಣ್ಣ ಬಳಿಯುವ ಚೂರಿಯಿಂದ) ಮೆತ್ತಿದ ದಟ್ಟ ಕಪ್ಪಿನ ನಡುವೆ ಮೇಲಿನಿಂದ ಕೆಳಗೆ ಹರಿದ ಒಂದು ಹಳದಿ ಸೀಳು. ಅದೊಂದನ್ನೇ ಬೇರೆಲ್ಲಾದರೂ ಕಂಡಿದ್ದರೆ, ಅದರ ಹಿಂದೆ ಹೊಲದಲ್ಲಿ ನಿಂತ ಆ ಮನುಷ್ಯ ಇದ್ದಾನೆಂದು ನನಗೆ ಹೊಳೆಯುತ್ತಲೇ ಇರಲಿಲ್ಲ. ಒಂದೇ ಚಿತ್ರವನ್ನು ಅವರು ಎರಡೆರಡು ಬಾರಿ ಬರೆದದ್ದೂ ಉಂಟು. ಎಲ್ಲವೂ ಒಂದೆಡೆ ಇರುವುದರಿಂದ ಹೋಲಿಸಿ ನೋಡುವುದು ಸಾಧ್ಯ. ಬಹುತೇಕ ಚಿತ್ರಗಳಿಗೆ ಹೆಸರೇ ಇಲ್ಲ, ಇರುವುದು ಸಂಖ್ಯೆ. "ಇದೇನು, ಸೈಟ್ ನಂಬರ್ ಇದ್ದ ಹಾಗಿದೆಯಲ್ಲ" ಎಂದು ನನ್ನ ಹೆಂಡತಿ ನಕ್ಕಳು. ಆದರೆ ಹೆಸರಿಲ್ಲದ ಚಿತ್ರಗಳು ಕಳೆದುಹೋಗದೆ ಉಳಿದಿರುವುದು ಆ ಸಂಖ್ಯೆಗಳ ಬಲದಿಂದಲೇ.

ನಾನು ಹೆಚ್ಚು ಹೊತ್ತು ನಿಂತದ್ದು ಮಾತ್ರ ನೆಲ ಅಂತಸ್ತಿನಲ್ಲಿ. ಅಲ್ಲಿ ಉಗ್ರಾಣವನ್ನೂ ಚಿತ್ರಗಳನ್ನು ದುರಸ್ತಿ ಮಾಡುವ ಕೋಣೆಯನ್ನೂ ಗಾಜಿನಾಚೆಯಿಂದ ಸಂದರ್ಶಕರೇ ನೋಡಬಹುದು. ಸ್ಟಿಲ್ ತಮ್ಮ ಕ್ಯಾನ್ವಾಸುಗಳನ್ನು ಚೌಕಟ್ಟಿನಿಂದ ಬಿಚ್ಚಿ, ಒಂದರ ಮೇಲೊಂದು ಸುತ್ತಿ ಇಟ್ಟಿದ್ದರು. ಹಲವು ಸುರುಳಿಗಳು ದಶಕಗಳ ಕಾಲ ಬಿಚ್ಚದೆ ಉಳಿದಿದ್ದವು. ಅಂಥ ಸುರುಳಿಯನ್ನು ಬಿಚ್ಚುವುದು ಒಣಗಿದ ಹಪ್ಪಳದ ಹಾಳೆಯನ್ನು ಬಿಡಿಸಿದಷ್ಟೇ ಜೋಪಾನದ ಕೆಲಸ. ಅವಸರಪಟ್ಟರೆ ದಪ್ಪ ಬಣ್ಣ ಚೂರುಚೂರಾಗಿ ಉದುರುತ್ತದೆ. ಸಂಗ್ರಹಾಲಯವೆಂದರೆ ಇಂಥ ಕೆಲಸಕ್ಕೆ ವರ್ಷಗಟ್ಟಲೆ ಸಂಬಳ ಕೊಡುವ ವ್ಯವಸ್ಥೆ ಎಂದು ನನಗೆ ಖಚಿತವಾದದ್ದು ಆ ಗಾಜಿನ ಮುಂದೆ.

ಅದಕ್ಕೆ ಹಣ ಬಂದದ್ದೂ ವಿವಾದವಿಲ್ಲದೆ ಅಲ್ಲ. ಬಾಗಿಲು ತೆರೆದ ತಿಂಗಳಲ್ಲೇ, ನ್ಯಾಯಾಲಯದ ಅನುಮತಿ ಪಡೆದು, ನಾಲ್ಕು ಚಿತ್ರಗಳನ್ನು ಸೋದಬೀಸ್ ಎಂಬ ಹರಾಜು ಸಂಸ್ಥೆಯ ಮೂಲಕ ಹರಾಜು ಹಾಕಲಾಯಿತು. ಸುಮಾರು 11.4 ಕೋಟಿ ಡಾಲರ್ ಬಂತು. ಅದರಲ್ಲಿ ಒಂದೇ ಚಿತ್ರಕ್ಕೆ 6.17 ಕೋಟಿ. ಮಾರಕೂಡದೆಂದು ಬರೆದಿಟ್ಟವನ ಚಿತ್ರಗಳನ್ನೇ ಮಾರಿ ಅವನ ಸಂಗ್ರಹಾಲಯಕ್ಕೆ ನಿಧಿ ಕೂಡಿಸಿದ್ದು ಸರಿಯೇ ಎಂದು ಅಲ್ಲಿಯೂ ಟೀಕೆ ಬಂದಿತ್ತು. ಸರಿಯೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ನಿಧಿಯಿಲ್ಲದೆ ಬಾಗಿಲು ತೆರೆದಿದ್ದರೆ ಉಳಿದ ಮೂರು ಸಾವಿರದ ಗತಿ ಏನಾಗುತ್ತಿತ್ತೆಂಬುದನ್ನು ಊಹಿಸಲು ನನಗೆ ಅಮೆರಿಕದ ಉದಾಹರಣೆ ಬೇಕಿಲ್ಲ.

ನಮ್ಮ ಜಿಲ್ಲೆಯಲ್ಲಿ ನನಗಿಂತ ಹಿರಿಯರಾದ ಕಲಾವಿದರೊಬ್ಬರಿದ್ದರು. ಅವರು ತೀರಿಕೊಂಡ ಮೇಲೆ ಮನೆಯವರು ದೊಡ್ಡ ಮನಸ್ಸಿನಿಂದ ಅವರ ಚಿತ್ರಗಳನ್ನೆಲ್ಲ ಒಂದು ಸಂಸ್ಥೆಗೆ ಒಪ್ಪಿಸಿದರು. ಸ್ಮಾರಕ ಭವನವಾದಾಗ ಅಲ್ಲಿ ತೂಗುಹಾಕುವುದೆಂದು ಮಾತಾಯಿತು, ಹಾರ ತುರಾಯಿಗಳೂ ಆದವು. ಕೊಟ್ಟದ್ದಕ್ಕೆ ಪಟ್ಟಿ ಇರಲಿಲ್ಲ, ರಸೀತಿಯೂ ಇರಲಿಲ್ಲ. ಆರು ಮಳೆಗಾಲಗಳ ನಂತರ ನಾನು ಹೋಗಿ ನೋಡಿದಾಗ ಆ ಸುರುಳಿಗಳು ಹಳೆಯ ಕುರ್ಚಿಗಳ ಹಿಂದೆ, ಗೋಣಿತಾಟಿನ ಕೆಳಗೆ, ಗೋಡೆಗೆ ಒರಗಿ ನಿಂತಿದ್ದವು. ನೆಲಕ್ಕೆ ತಾಗಿದ ತುದಿಗೆ ಗೆದ್ದಲು ಹತ್ತಿತ್ತು. ಒಂದನ್ನು ಬಿಡಿಸಲು ಹೋದೆ. ಬೂಷ್ಟು ಹಿಡಿದ ಎರಡು ಕ್ಯಾನ್ವಾಸುಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಮೇಲಿನದರ ಹಸಿರು ಕೆಳಗಿನದರ ಹಿಂಬದಿಗೆ ಹತ್ತಿತ್ತು. ಮತ್ತೆ ಸುತ್ತಿ ಇಟ್ಟುಬಂದೆ.

ನಮ್ಮ ನಾಡಿನಲ್ಲಿ ಇಂಥ ಪ್ರಯತ್ನವೇ ಆಗಿಲ್ಲವೆಂದು ನಾನು ಹೇಳುತ್ತಿಲ್ಲ. ಮೈಸೂರಿನ ಚಿತ್ರಗಾರ ಮನೆತನದಲ್ಲಿ 1886ರಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತು, ಊಟಿ ಮತ್ತು ಕೊಡೈಕೆನಾಲಿನ ಮಂಜನ್ನು ಜಲವರ್ಣದಲ್ಲಿ ಹಿಡಿದ ಕೆ. ವೆಂಕಟಪ್ಪನವರ ಹೆಸರಿನ ಚಿತ್ರಶಾಲೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಅವರು ತೀರಿಕೊಂಡ ಹತ್ತು ವರ್ಷಗಳ ನಂತರ, 1975ರಲ್ಲಿ ಆರಂಭವಾಯಿತು. ಅದು ಒಬ್ಬರದಾಗಿಯೇ ಉಳಿಯಲಿಲ್ಲ. ಇನ್ನೊಬ್ಬ ಚಿತ್ರಕಲಾವಿದರಾದ ಕೆ.ಕೆ. ಹೆಬ್ಬಾರರ ಕೃತಿಗಳೂ ಅಲ್ಲಿ ಸೇರಿದವು. ಬಾಡಿಗೆಯ ಪ್ರದರ್ಶನ ಕೋಣೆಗಳಲ್ಲಿ ಎಷ್ಟೋ ಮಂದಿ ಎಳೆಯ ಕಲಾವಿದರು ಮೊದಲ ಬಾರಿಗೆ ತಮ್ಮ ಚಿತ್ರ ತೂಗುಹಾಕಿದರು. ಖಾಸಗಿ ಪ್ರತಿಷ್ಠಾನವೊಂದಕ್ಕೆ ಅದನ್ನು ವಹಿಸಿಕೊಡುವ ಒಪ್ಪಂದವನ್ನು ವಿರೋಧಿಸಿ 2016ರಲ್ಲಿ ಕಲಾವಿದರು ಬೀದಿಗಿಳಿದದ್ದು ಆ ಸಲುಗೆಯಿಂದಲೇ. ಸ್ಟಿಲ್ ಅವರ ಹಟ ಇಲ್ಲಿ ನಡೆಯುತ್ತಿರಲಿಲ್ಲ, ನಡೆಯಬೇಕಾಗಿಯೂ ಇರಲಿಲ್ಲ. ಬೇರೆಯವರಿಗೆ ಪ್ರವೇಶವಿಲ್ಲವೆಂಬ ಅವರ ಷರತ್ತನ್ನು ನಾವು ಧಾರಾಳವಾಗಿ ಬಿಡಬಹುದು. ಬಿಡಬಾರದ್ದು, ಸಂಗ್ರಹ ಚದುರಬಾರದೆಂಬ ಷರತ್ತನ್ನು. ಅದರಲ್ಲೂ ಜಲವರ್ಣ ಬೆಳಕಿಗೆ ಮಾಸುವ ವಸ್ತು. ಸದಾ ಗೋಡೆಯ ಮೇಲಿರಲಾಗದು, ಆಗಾಗ ಕತ್ತಲಲ್ಲಿ ವಿಶ್ರಾಂತಿ ಬೇಕು. ಹಾಗಾಗಿ ಗೋಡೆಯ ಮೇಲಿರುವುದಕ್ಕಿಂತ ಒಳಗೆ ಇಟ್ಟಿರುವುದರ ಲೆಕ್ಕವೇ ಮುಖ್ಯವಾಗುತ್ತದೆ.

ಆದ್ದರಿಂದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿಯೂ ಲಲಿತಕಲಾ ಅಕಾಡೆಮಿಯಲ್ಲಿಯೂ ನನ್ನ ಕೋರಿಕೆ ಇಷ್ಟೆ. ಯಾವುದೇ ಕಲಾವಿದರ ಹೆಸರಿನ ಭವನಕ್ಕೆ ಶಂಕುಸ್ಥಾಪನೆಯ ದಿನ ಗೊತ್ತುಮಾಡುವ ಮೊದಲು, ಅವರ ಕೃತಿಗಳು ಎಷ್ಟು, ಎಲ್ಲೆಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂಬುದರ ದಾಸ್ತಾನು ಪುಸ್ತಕವನ್ನು ಫೋಟೊ ಮತ್ತು ಅಳತೆಯ ಸಮೇತ ಸಿದ್ಧಪಡಿಸಿ, ಯಾರು ಬೇಕಾದರೂ ನೋಡುವಂತೆ ಪ್ರಕಟಿಸಬೇಕು. ಇದಕ್ಕೆ ಬೇಕಾಗುವುದು ಒಂದು ಕ್ಯಾಮರಾ, ಒಂದು ಟೇಪು, ಕೆಲಸ ಹುಡುಕುತ್ತಿರುವ ನಾಲ್ಕೈದು ಚಿತ್ರಕಲಾ ಪದವೀಧರರು ಮತ್ತು ಒಂದು ಒಣಗಿದ ಕೋಣೆ. ಮೇಲೆ ಹೇಳಿದ ಹಿರಿಯರ ಮನೆಯಲ್ಲಿ ಅವರ ಕೈಬರಹದ ನೋಟ್‌ಬುಕ್ ಒಂದು ಈಗಲೂ ಇದೆ. ಬರೆದ ಪ್ರತಿ ಚಿತ್ರದ ತಾರೀಖು ಮತ್ತು ಅಳತೆ ಅದರಲ್ಲಿ ಉಂಟು. ಇಲಾಖೆಯವರು ಯಾರನ್ನಾದರೂ ಕಳಿಸಿದರೆ, ಆ ಪುಸ್ತಕ ಹಿಡಿದುಕೊಂಡು ಸುರುಳಿಗಳನ್ನು ಒಂದೊಂದಾಗಿ ಗುರುತಿಸಿಕೊಡಲು ನಾನು ಸಿದ್ಧನಿದ್ದೇನೆ. ಮುಂದಿನ ಮಳೆಗಾಲಕ್ಕೆ ಮೊದಲು ಬಂದರೆ ಒಳ್ಳೆಯದು.

ಇಂತಿ,
ನಿವೃತ್ತ ಚಿತ್ರಕಲಾ ಶಿಕ್ಷಕ