ನಂಬಿದವರು ನಾಳೆ ಏನು ಮಾಡುತ್ತಾರೆ?

ಚಿತ್ರದುರ್ಗ

ಚಿ. ಕು. ಸಿಂಚನಾಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ದಾವಣಗೆರೆಯಲ್ಲಿ ನೀವೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ.

ನಿನ್ನ ಮೆಸೇಜ್ ಓದಿದೆ. ಫೋನಿನಲ್ಲಿ ಎರಡು ಮಾತಾಡಿ ಮುಗಿಸುವ ವಿಷಯ ಅಲ್ಲ ಅನ್ನಿಸಿತು, ಅದಕ್ಕೇ ಪತ್ರ. ಭದ್ರಾ ನದಿಯ ನೀರನ್ನು ನಮ್ಮಂಥ ಒಣ ಜಿಲ್ಲೆಗಳಿಗೆ ತರುವ ಭದ್ರಾ ಮೇಲ್ದಂಡೆ ಯೋಜನೆಗಾಗಿ ನೀನೂ ನಿನ್ನ ಗೆಳತಿಯರೂ ನಡೆಸುತ್ತಿರುವ ಪೇಜ್‌ನಲ್ಲಿ ಬಿರುಕು ಬಿಟ್ಟ ನೆಲದ ಫೋಟೋ ಹಾಕಿದಿರಿ. ಅದು ನಮ್ಮ ಜಿಲ್ಲೆಯದೇ ಅಲ್ಲ ಎಂದು ಯಾರೋ ತೋರಿಸಿಕೊಟ್ಟರು. ಆಮೇಲೆ ನೀರಿನ ಬೇಡಿಕೆಯೇ ಸುಳ್ಳು ಎಂದು ಜನ ಆಡಿಕೊಂಡರು. ‘ಬರ ನಿಜ ಇರುವಾಗ ಫೋಟೋ ಎಲ್ಲಿಯದಾದರೇನು ಅತ್ತೆ? ಪೇಜ್ ಮುಚ್ಚಿಬಿಡಲಾ?’ ಎಂದು ಕೇಳಿದ್ದೀಯ. ಮುಚ್ಚಬೇಡ. ಆದರೆ ಫೋಟೋ ಎಲ್ಲಿಯದು ಎನ್ನುವುದು ಸಣ್ಣ ವಿಷಯ ಅಲ್ಲಮ್ಮ.

ತರ್ಕಶಾಸ್ತ್ರ ಪಾಠ ಮಾಡುವಾಗ ನಾನು ಮಕ್ಕಳಿಗೆ ತಪ್ಪದೆ ಹೇಳುತ್ತಿದ್ದ ಹೆಸರು ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ ಅವರದು. ಅಮೆರಿಕದವರು. 1839ರಲ್ಲಿ ಹುಟ್ಟಿ 1914ರಲ್ಲಿ ತೀರಿಕೊಂಡರು. ಚಿಹ್ನೆಗಳು ಹೇಗೆ ಅರ್ಥ ಕೊಡುತ್ತವೆ ಎಂದು ನೋಡುವುದು ಸೆಮಿಯಾಟಿಕ್ಸ್. ಒಂದು ವಿಚಾರದ ಅರ್ಥವನ್ನು ಅದರಿಂದ ಆಗುವ ಪರಿಣಾಮದಲ್ಲಿ ಹುಡುಕುವುದು ಪ್ರಾಗ್ಮಟಿಸಂ. ಎರಡಕ್ಕೂ ಅಡಿಪಾಯ ಹಾಕಿದವರಲ್ಲಿ ಅವರು ಮುಖ್ಯರು. ಎರಡೂ ಒಂದೇ ತಲೆಯಿಂದ ಬಂದದ್ದು ಸುಮ್ನೆ ಅಲ್ಲ ಎಂದು ನನಗೆ ಈಗ, ನಿಮ್ಮ ಕಾಲದ ಹೋರಾಟಗಳನ್ನು ನೋಡುವಾಗ, ಜಾಸ್ತಿ ಅನ್ನಿಸುತ್ತದೆ.

ಚಿಹ್ನೆಗೂ ಅದು ತೋರಿಸುವ ವಸ್ತುವಿಗೂ ಮೂರು ಬಗೆಯ ನಂಟು ಇರಬಹುದು ಎಂದರು ಪರ್ಸ್. ಒಂದು ಹೋಲಿಕೆ: ಬಿಡಿಸಿದ ಕೋಟೆ ನಿಜವಾದ ಕೋಟೆಯ ಹಾಗೆ ಕಾಣುತ್ತದೆ. ಇನ್ನೊಂದು ಗುರುತು: ಬೆಂಕಿ ಇದ್ದಲ್ಲೇ ಹೊಗೆ ಏಳುತ್ತದೆ. ಮತ್ತೊಂದು ರೂಢಿ: ಕೆಂಪು ದೀಪ ಕಂಡರೆ ನಿಲ್ಲಬೇಕು ಎಂದು ನಾವೆಲ್ಲ ಒಪ್ಪಿಕೊಂಡಿದ್ದೇವೆ. ಫೋಟೋದಲ್ಲಿ ಮೊದಲ ಎರಡೂ ಸೇರಿವೆ. ಅದು ವಸ್ತುವನ್ನು ಹೋಲುತ್ತದೆ. ಜೊತೆಗೆ ಆ ವಸ್ತುವಿನ ಮೇಲೆ ಬಿದ್ದ ಬೆಳಕೇ ಅದನ್ನು ಮೂಡಿಸಿರುವುದರಿಂದ ಅದು ಗುರುತೂ ಹೌದು. ಜನ ಫೋಟೋ ನಂಬುವುದು ಈ ಎರಡನೆಯ ಕಾರಣಕ್ಕೆ. ‘ಇದು ಅಲ್ಲಿ ಇತ್ತು, ಯಾರೋ ಅಲ್ಲಿ ನಿಂತು ತೆಗೆದರು’ ಎನ್ನುವ ಭರವಸೆ ಅದು. ಬೇರೆ ಊರಿನ ಫೋಟೋ ತಂದು ಹಾಕಿದಾಗ ಹೋಲಿಕೆ ಉಳಿಯುತ್ತದೆ, ಗುರುತು ಕಡಿದುಹೋಗುತ್ತದೆ. ಆದರೂ ಗುರುತಿಗೆ ಸಿಗುವ ನಂಬಿಕೆಯನ್ನೇ ನೀವು ಅದರಿಂದ ಪಡೆದಿರಿ. ಅಲ್ಲಿ ತಪ್ಪಿದ್ದು.

ಇನ್ನೂ ಒಂದು ವಿಷಯ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಕೆಂಪು ಮರಳುಮಣ್ಣು ಹೆಚ್ಚು. ಅದು ಫೋಟೋದಲ್ಲಿದ್ದ ಹಾಗೆ ಚೌಕ ಚೌಕವಾಗಿ ಬಿರಿಯುವುದಿಲ್ಲ. ಹಾಗೆ ಬಿರಿಯುವುದು ಎರೆಮಣ್ಣು, ಇಲ್ಲವೇ ನೀರು ನಿಂತು ಒಣಗಿದ ಕೆರೆಯಂಗಳ. ನಮ್ಮ ಬರದ ಮುಖ ಬೇರೆ. ಹೂವಾಗಿಯೂ ಕಾಯಿ ಕಟ್ಟದ ಶೇಂಗಾ ಗಿಡ. ಹಳ್ಳಿಗೆ ರಾತ್ರಿ ಬರುವ ಬೋರ್‌ವೆಲ್ ಲಾರಿ. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳ ಹಲ್ಲು. ಬೋರ್ ಆಳಕ್ಕೆ ಹೋದ ಹಾಗೆ ಬಂಡೆಯಲ್ಲಿರುವ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂದು ನಮ್ಮ ದೇಶದ ಮಾನದಂಡವೇ ಹೇಳುತ್ತದೆ. ಹಲ್ಲು ಬಲಿಯುವ ವಯಸ್ಸಿನಲ್ಲಿ ಆ ನೀರು ಕುಡಿದ ಮಗುವಿನ ಹಲ್ಲಿನಲ್ಲಿ ಕಂದು ಕಲೆ ಉಳಿದುಬಿಡುತ್ತದೆ. ಅದು ಪರ್ಸ್ ಹೇಳಿದ ಗುರುತು. ನೀರೇ ಬರೆದದ್ದು, ಯಾರೂ ಎಲ್ಲಿಂದಲೋ ತಂದು ಹಾಕಿದ್ದಲ್ಲ. ನಿಮ್ಮ ಹೋರಾಟಕ್ಕೆ ಇದಕ್ಕಿಂತ ಗಟ್ಟಿಯಾದ ಚಿಹ್ನೆ ಬೇಕಾ? ಆದರೆ ಮಗುವಿನ ಮುಖ ಹಾಕಬೇಡ. ತಂದೆತಾಯಿಯನ್ನು ಕೇಳದೆ ಹಲ್ಲನ್ನೂ ಹಾಕಬೇಡ. ಆ ಮಗು ನಾಳೆ ದೊಡ್ಡದಾಗಿ ಕಾಲೇಜಿಗೆ ಹೋಗಬೇಕು.

ನಿಜವಾದ ಫೋಟೋ ಕೂಡ ದಾರಿ ತಪ್ಪಿಸಬಹುದು. 2022ರಲ್ಲಿ ಹಿರಿಯೂರಿನ ಮಾರಿಕಣಿವೆ ಜಲಾಶಯ ಕೋಡಿ ಬಿತ್ತು, 1933ರ ನಂತರ ಮೊದಲ ಸಲ. ನಾವೆಲ್ಲ ಹೋಗಿ ನೋಡಿ ಬಂದೆವು, ಸಂತೋಷಪಟ್ಟೆವು. ಆ ಫೋಟೋಗಳಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವು ಹೇಳಿದ್ದು ಒಂದು ವರ್ಷದ ಮಳೆಯ ಕಥೆ. ಮರುವರ್ಷವೇ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ನಮ್ಮ ಜಿಲ್ಲೆಯೂ ಅದರಲ್ಲಿತ್ತು. ಹಾಗಾಗಿ ಫೋಟೋ ಜೊತೆ ಊರು, ತಿಂಗಳು, ವರ್ಷ ಬರೆ. ಅಷ್ಟು ಬರೆದರೆ ಅದು ಯಾವುದರ ಗುರುತು ಎಂದು ನೋಡುವವರಿಗೆ ತಿಳಿಯುತ್ತದೆ.

ಈಗ ನಂಬಿಕೆಯ ವಿಷಯಕ್ಕೆ ಬರುತ್ತೇನೆ. ನನಗೆ ಮುಖ್ಯವಾಗಿ ಹೇಳಬೇಕಾದದ್ದು ಇದೇ. ಪರ್ಸ್ ಪ್ರಕಾರ ನಂಬಿಕೆ ಎಂದರೆ ತಲೆಯೊಳಗೆ ಸುಮ್ಮನೆ ಕೂತ ಮಾತಲ್ಲ. ಅದು ಒಂದು ರೀತಿಯಲ್ಲಿ ನಡೆದುಕೊಳ್ಳಲು ಮನುಷ್ಯ ತಯಾರಾಗಿರುವ ಸ್ಥಿತಿ. ಚಿಹ್ನೆ ನೋಡುಗನ ಮನಸ್ಸಿನಲ್ಲಿ ಒಂದು ಅರ್ಥ ಹುಟ್ಟಿಸುತ್ತದೆ, ಆ ಅರ್ಥ ಇನ್ನೊಂದನ್ನು ಹುಟ್ಟಿಸುತ್ತದೆ, ಕೊನೆಗೆ ಅದು ನಿಲ್ಲುವುದು ಅಭ್ಯಾಸದಲ್ಲಿ, ನಡವಳಿಕೆಯಲ್ಲಿ. ಆದ್ದರಿಂದ ಪೋಸ್ಟ್ ಹಾಕುವ ಮೊದಲು ಎಷ್ಟು ಜನ ನೋಡುತ್ತಾರೆ ಎಂದು ಕೇಳಿಕೊಳ್ಳಬೇಡ. ಇದನ್ನು ನಂಬಿದವರು ನಾಳೆ ಬೆಳಿಗ್ಗೆ ಏನು ಮಾಡುತ್ತಾರೆ ಎಂದು ಕೇಳಿಕೋ.

2018ರಲ್ಲಿ ಮಕ್ಕಳ ಕಳ್ಳರ ವಿಡಿಯೋ ಒಂದು ವಾಟ್ಸಾಪ್‌ನಲ್ಲಿ ಹರಿದಾಡಿತ್ತು. ಬೈಕ್‌ನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ವಿಡಿಯೋ. ಮಗುವನ್ನು ವಾಪಸ್ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಕಳಿಸಿದವರಲ್ಲಿ ಎಷ್ಟೋ ಜನ ಒಳ್ಳೆಯ ಮನಸ್ಸಿನಿಂದಲೇ ಕಳಿಸಿದರು, ‘ನಿಮ್ಮ ಮಕ್ಕಳನ್ನು ನೋಡಿಕೊಳ್ಳಿ’ ಎಂದು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಭಯ ಊರೂರಿಗೆ ಹಬ್ಬಿತು. ಆ ವರ್ಷ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯಲ್ಲೇ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಹೈದರಾಬಾದಿನಿಂದ ಬಂದವರ ಮೇಲೆ ಗುಂಪು ಬಿದ್ದು ಒಬ್ಬ ಎಂಜಿನಿಯರ್‌ನನ್ನು ಕೊಂದಿತು. ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಎಂಬ ಮಿತಿಯನ್ನು ವಾಟ್ಸಾಪ್ ಭಾರತದಲ್ಲಿ ತಂದದ್ದು ಆ ತಿಂಗಳೇ. ಚಾಕೊಲೇಟ್ ಕೊಡುವುದು ಪ್ರೀತಿಯ ಚಿಹ್ನೆ ಅಲ್ವಾ? ನಂಬಿಕೆ ಬದಲಾದಾಗ ಅದೇ ಅಪಾಯದ ಚಿಹ್ನೆ ಆಯಿತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಒಳ್ಳೆಯದೂ ಆಗಿದೆ, ಅದನ್ನೂ ಹೇಳಬೇಕು. 2015ರಲ್ಲಿ ನೆಟ್ ನ್ಯೂಟ್ರಾಲಿಟಿ, ಅಂದರೆ ಇಂಟರ್ನೆಟ್‌ನಲ್ಲಿ ಎಲ್ಲ ಸೈಟ್‌ಗಳನ್ನೂ ಸಮನಾಗಿ ನೋಡಬೇಕು ಎಂಬ ವಿಷಯದ ಬಗ್ಗೆ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 20 ಪ್ರಶ್ನೆಗಳನ್ನು ಜನರ ಮುಂದೆ ಇಟ್ಟಿತು. ನಿಮ್ಮಂಥ ಹುಡುಗರು ಘೋಷಣೆ ಕೂಗಿ ಬಿಡಲಿಲ್ಲ. ಆ ಪ್ರಶ್ನೆಗಳನ್ನು ಓದಿ, ಉತ್ತರ ಬರೆದು, ಬೇರೆಯವರೂ ಕಳಿಸುವಂತೆ ದಾರಿ ಮಾಡಿದರು. ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ಅದೇ ವರ್ಷದ ಕೊನೆಗೆ ಫೇಸ್‌ಬುಕ್, ಆಯ್ದ ಕೆಲವು ಸೈಟ್‌ಗಳನ್ನು ಮಾತ್ರ ಉಚಿತವಾಗಿ ಕೊಡುವ ತನ್ನ ಫ್ರೀ ಬೇಸಿಕ್ಸ್ ಪರವಾಗಿ ಬಳಕೆದಾರರಿಂದ ಟ್ರಾಯ್‌ಗೆ ರಾಶಿ ರಾಶಿ ಮೆಸೇಜ್ ಹೋಗುವಂತೆ ಮಾಡಿತು. ಅವು ತಾನು ಕೇಳಿದ ಪ್ರಶ್ನೆಗಳಿಗೆ ಉತ್ತರವೇ ಅಲ್ಲ ಎಂದು ಟ್ರಾಯ್ ಹೇಳಿತು. 2016ರ ಫೆಬ್ರವರಿ 8ರಂದು ಡೇಟಾಗೆ ಭೇದ ಮಾಡಿ ದರ ಹಾಕುವಂತಿಲ್ಲ ಎಂಬ ನಿಯಮ ಬಂತು. ಎರಡೂ ಕಡೆ ಸಂಖ್ಯೆ ದೊಡ್ಡದೇ. ಕೇಳಿದ ಪ್ರಶ್ನೆಗೆ ತಾಗಿದ್ದು ಮಾತ್ರ ಒಂದು. ಬೆಂಗಳೂರಿನ ಸ್ಟೀಲ್ ಫ್ಲೈಓವರ್ ವಿಷಯದಲ್ಲೂ ಹಾಗೇ. 2016ರ ಅಕ್ಟೋಬರ್‌ನಲ್ಲಿ ‘ಬೇಡ’ ಎಂಬ ಹ್ಯಾಶ್‌ಟ್ಯಾಗ್ ಮಾನವ ಸರಪಳಿಯಾಗಿ ರಸ್ತೆಗೆ ಇಳಿಯಿತು, ಕೋರ್ಟಿನ ದಾರಿಯನ್ನೂ ಹಿಡಿಯಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ನಮ್ಮ ಭದ್ರಾ ಮೇಲ್ದಂಡೆಯಲ್ಲಿ ಇದರ ಉಲ್ಟಾ ನೋಡು. 2023ರ ಫೆಬ್ರವರಿ 1ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆ ಆಯಿತು. ಆವತ್ತು ನಮ್ಮ ಎಲ್ಲ ಗ್ರೂಪ್‌ಗಳಲ್ಲೂ ಹಾರ, ಪಟಾಕಿ, ಧನ್ಯವಾದದ ಪೋಸ್ಟರ್. ಹಣ ಬಂದೇಬಿಟ್ಟಿತು ಎಂದು ಜನ ನಂಬಿದರು. ಆಮೇಲೆ ಆ ಹಣ ಬಿಡುಗಡೆಯಾಗಿಲ್ಲ ಎಂದು ರಾಜ್ಯ ಸರ್ಕಾರ ಮತ್ತೆ ಮತ್ತೆ ಹೇಳಬೇಕಾಯಿತು. ಘೋಷಣೆ ಎಂಬ ಚಿಹ್ನೆಯನ್ನೇ ನಾವು ಕಾಲುವೆ ಎಂದುಕೊಂಡೆವು. ಹಾಗೆ ನಂಬಿದ್ದರಿಂದ ಕೇಳುವುದನ್ನು ನಿಲ್ಲಿಸಿದೆವು. ನಿಮ್ಮ ಪೇಜ್ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಲಿ: ಯಾವ ಪ್ಯಾಕೇಜಿನ ಕೆಲಸ ಎಲ್ಲಿಗೆ ಬಂತು, ಯಾವ ಹಳ್ಳಿಯಲ್ಲಿ ಭೂಮಿಯ ಪರಿಹಾರ ನಿಂತಿದೆ, ತಿಂಗಳಿಗೊಮ್ಮೆ ಬರೆಯಿರಿ. ಲೈಕ್ ಕಡಿಮೆ ಬೀಳುತ್ತದೆ. ಬೀಳಲಿ.

ನಿಮ್ಮಪ್ಪನ ಜೊತೆ ನೀನು ಜಗಳ ಆಡಿದ್ದೂ ಗೊತ್ತಾಯಿತು. ‘ನಮ್ಮ ಪೇಜ್‌ನಲ್ಲಿ ಎಲ್ಲರೂ ಒಪ್ಪಿದ್ದಾರೆ, ಅಪ್ಪ ಒಬ್ಬರೇ ಒಪ್ಪುತ್ತಿಲ್ಲ’ ಅಂದೆಯಂತೆ. 1877ರಲ್ಲಿ ಬರೆದ ಲೇಖನವೊಂದರಲ್ಲಿ ಪರ್ಸ್, ಜನ ನಂಬಿಕೆಯನ್ನು ಗಟ್ಟಿ ಮಾಡಿಕೊಳ್ಳುವ ನಾಲ್ಕು ದಾರಿ ಹೇಳಿದ್ದಾರೆ. ಹಿಡಿದದ್ದನ್ನು ಬಿಡದೆ, ವಿರುದ್ಧದ ಮಾತಿಗೆ ಕಿವಿ ಮುಚ್ಚಿಕೊಳ್ಳುವುದು ಮೊದಲನೆಯದು. ಮೇಲಿನವರು ಹೇಳಿದ್ದನ್ನು ಎಲ್ಲರ ಮೇಲೆ ಹೇರುವುದು, ಮನಸ್ಸಿಗೆ ಹಿತವಾದದ್ದನ್ನೇ ನಿಜ ಎನ್ನುವುದು ಮುಂದಿನ ಎರಡು. ಕೊನೆಯದು ತನಿಖೆ, ನಮಗೆ ಇಷ್ಟ ಇರಲಿ ಬಿಡಲಿ ಹೊರಗಿರುವ ವಾಸ್ತವ ನಮ್ಮನ್ನು ತಿದ್ದಲು ಬಿಡುವುದು. ನೀನು ಒಪ್ಪುವಂಥದ್ದನ್ನೇ ಹುಡುಕಿ ನಿನಗೆ ತೋರಿಸುವ ಫೋನು ಮೊದಲನೆಯ ದಾರಿಯನ್ನು ತುಂಬಾ ಸುಲಭ ಮಾಡಿಬಿಟ್ಟಿದೆ. ನಿಮ್ಮಪ್ಪ ಹೇಳುವುದನ್ನು ಒಮ್ಮೆ ಪೂರ್ತಿ ಕೇಳು.

ಅವನು ಹೇಳುತ್ತಿರುವುದು ದಾವಣಗೆರೆಯ ಭದ್ರಾ ಅಚ್ಚುಕಟ್ಟಿನ ಮಾತು. ಯೋಜನೆಯಲ್ಲಿ ತುಂಗಾದಿಂದ ಭದ್ರಾಕ್ಕೆ 17.4 ಟಿಎಂಸಿ ಎತ್ತಿ, ಭದ್ರಾದಿಂದ ಈ ಕಡೆಗೆ 29.9 ಟಿಎಂಸಿ ಕೊಡುವ ಲೆಕ್ಕ ಇದೆ. ‘ಮೊದಲೇ ಕೊನೆಭಾಗಕ್ಕೆ ನೀರು ತಲುಪುತ್ತಿಲ್ಲ, ಇನ್ನು ನಮ್ಮ ಭತ್ತ, ಅಡಿಕೆಗೆ ಏನು ಗತಿ?’ ಎಂದು ಮಲೇಬೆನ್ನೂರು, ಹರಿಹರದ ರೈತರು ಕೇಳುತ್ತಾರೆ. 2025ರಲ್ಲಿ ಬಲದಂಡೆ ಕಾಲುವೆಯ ಕಾಮಗಾರಿ ವಿರುದ್ಧ ದಾವಣಗೆರೆಯಲ್ಲಿ ರೈತರು ಬೀದಿಗೆ ಇಳಿದದ್ದನ್ನು ನೀನೇ ಕಣ್ಣಾರೆ ಕಂಡಿದ್ದೀಯ. ‘ಭದ್ರಾ ನಮ್ಮದು’ ಎಂದು ನೀನು ಬರೆದಾಗ ಹೊಸದುರ್ಗದಲ್ಲಿ ಅದು ಆಸೆ, ಮಲೇಬೆನ್ನೂರಿನಲ್ಲಿ ಅದು ಬೆದರಿಕೆ. ಪ್ರಾಗ್ಮಟಿಸಂನ ಇನ್ನೊಬ್ಬ ಹಿರಿಯ ಜಾನ್ ಡ್ಯೂಯಿ 1927ರಲ್ಲಿ ಸಾರ್ವಜನಿಕರು ಅಂದರೆ ಯಾರು ಎಂದು ಕೇಳಿಕೊಂಡರು. ಒಂದು ಕೆಲಸದ ಪರಿಣಾಮ ಯಾರ್ಯಾರಿಗೆ ತಟ್ಟುತ್ತದೋ ಅವರೆಲ್ಲ, ಎಂಬುದು ಅವರ ಉತ್ತರ. ನಮ್ಮ ಅಂಬೇಡ್ಕರ್ ಅವರು 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದಾಗ ಪಾಠ ಕೇಳಿದ್ದು ಇದೇ ಡ್ಯೂಯಿ ಬಳಿ. ಆ ಲೆಕ್ಕದಲ್ಲಿ ಮಲೇಬೆನ್ನೂರಿನ ಭತ್ತದ ರೈತನೂ ನಿನ್ನ ಸಾರ್ವಜನಿಕರಲ್ಲಿ ಒಬ್ಬ. ನಿನ್ನ ಫಾಲೋವರ್ ಅಲ್ಲದಿದ್ದರೂ ಸರಿಯೇ. ಅವನ ಪ್ರಶ್ನೆಯನ್ನು ನಿನ್ನ ಪೇಜ್‌ನಲ್ಲಿ ಹಾಕಿ, ಸಿಕ್ಕಿದ ಉತ್ತರವನ್ನೂ ಹಾಕು.

ಘೋಷವಾಕ್ಯಗಳ ಮೇಲೆ ತುಂಬಾ ಭಾರ ಹಾಕಬೇಡ ಎನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆಯಲ್ಲ, 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದದ್ದು? ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳಿಗೆ ದಯೆ ತೋರಿ, ಸತ್ಯ ಹೇಳಿ ಎಂದು ಅದರಲ್ಲಿದೆ. ಎರಡು ಸಾವಿರ ವರ್ಷಕ್ಕೂ ಹಳೆಯ ಸಾರ್ವಜನಿಕ ಪೋಸ್ಟ್ ಅದು. ಕಾಲ ಕಳೆದಂತೆ ಆ ಲಿಪಿ ಓದುವವರು ಇಲ್ಲವಾದರು. ಊರಿನವರು ಅದನ್ನು ಅಕ್ಷರಗುಂಡು ಎಂದು ಕರೆದರು, ಅದಕ್ಕೆ ಔಷಧಿಯ ಗುಣ ಇದೆ ಎಂದು ನಂಬಿದರು. ಕಲ್ಲಿನಲ್ಲಿ ಕೆತ್ತಿದ ಅಕ್ಷರ ಹಾಗೇ ಇತ್ತು. ಅದನ್ನು ಓದಿ ನಡೆಯುವ ಅಭ್ಯಾಸ ಹೋದಾಗ ಅರ್ಥವೂ ಹೋಯಿತು, ಬೇರೆ ಅಭ್ಯಾಸ ಬಂದು ಬೇರೆ ಅರ್ಥ ಕೂತಿತು. ಕಲ್ಲಿಗೇ ಹೀಗಾದರೆ ಹ್ಯಾಶ್‌ಟ್ಯಾಗ್ ಎಷ್ಟು ದಿನ ತಾನೇ ತನ್ನ ಅರ್ಥ ಉಳಿಸಿಕೊಂಡೀತು? ಅದರ ಹಿಂದೆ ಜನ ಏನಾದರೂ ಮಾಡುತ್ತಿರಬೇಕು, ಬಿಡದೆ ಮಾಡುತ್ತಿರಬೇಕು.

ಆ ಹಳೆಯ ಫೋಟೋವನ್ನು ಸದ್ದಿಲ್ಲದೆ ಅಳಿಸಬೇಡ. ಅದೇ ಪೋಸ್ಟ್‌ನಲ್ಲಿ ಎಲ್ಲರಿಗೂ ಕಾಣುವಂತೆ ತಿದ್ದುಪಡಿ ಬರೆ: ಇದು ನಮ್ಮ ಜಿಲ್ಲೆಯದಲ್ಲ, ನಾವು ನೋಡದೆ ಹಾಕಿದೆವು. ತೋರಿಸಿಕೊಟ್ಟವರಿಗೆ ಧನ್ಯವಾದವನ್ನೂ ಹೇಳು. ಅದರ ಕೆಳಗೆ ನೀವೇ ಹೋಗಿ ತಂದ ಮಾಹಿತಿ ಹಾಕಿ. ಜಲ ಜೀವನ್ ಮಿಷನ್‌ನಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ. ಜಗಳೂರು ನಿಮಗೆ ಹತ್ತಿರ, ಅಲ್ಲಿಂದ ಶುರು ಮಾಡಿ. ನೀನು ಎಂಜಿನಿಯರಿಂಗ್ ಓದುವವಳು, ಪರೀಕ್ಷೆ ಮಾಡುವುದನ್ನು ಕಲಿಯಲು ಅರ್ಧ ದಿನ ಸಾಕು. ಚಳ್ಳಕೆರೆಗೆ ಹೋಗುವುದಾದರೆ ಮೊದಲೇ ಹೇಳು, ನಾನೂ ಬರುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳು ಅಲ್ಲಿನ ಶಾಲೆಗಳಲ್ಲಿ ಮೇಷ್ಟ್ರಾಗಿದ್ದಾರೆ. ಬಿಸಿಲು ಏರುವ ಮೊದಲೇ ಹೊರಡಬೇಕು. ನಿಮ್ಮಪ್ಪನನ್ನೂ ಕರೆದುಕೊಂಡು ಬಾ.

ಇಂತಿ,
ನಿನ್ನ ಅತ್ತೆ