ಕೊಲೋನ್‌ನ ಬಿಗ್ ಬ್ಯಾಂಡ್ ಮತ್ತು ಮೈಸೂರಿನ ವಾದ್ಯವೃಂದ

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಸಂಗೀತ ಬರಹವೊಂದರಲ್ಲಿ, ಜಾಝ್ ಬಿಗ್ ಬ್ಯಾಂಡ್ (ಅಮೆರಿಕದಲ್ಲಿ ಹುಟ್ಟಿದ ಜಾಝ್ ಸಂಗೀತವನ್ನು ನುಡಿಸುವ ದೊಡ್ಡ ವಾದ್ಯವೃಂದ) ಎಂಬುದು ಎರಡನೇ ಮಹಾಯುದ್ಧದ ಕಾಲದ ಕುಣಿತದ ಕೂಟಗಳೊಂದಿಗೇ ಮುಗಿದುಹೋದ ಪ್ರಕಾರವೆಂದೂ ನಮ್ಮ ನಾಡಿಗೂ ಅದಕ್ಕೂ ಯಾವ ನಂಟೂ ಇಲ್ಲವೆಂದೂ ಒಂದೇ ಉಸಿರಿನಲ್ಲಿ ಹೇಳಲಾಗಿತ್ತು. ಹುಟ್ಟಿನಿಂದ ಮೈಸೂರಿನವನಾಗಿ, ಬಹಳ ವರ್ಷಗಳಿಂದ ಜರ್ಮನಿಯ ಕೊಲೋನ್ ನಗರದಲ್ಲಿ ನೆಲೆಸಿ, ಇಲ್ಲಿನ ರೇಡಿಯೊ ಸಂಸ್ಥೆಯಾದ ಡಬ್ಲ್ಯುಡಿಆರ್‌ನ ಬಿಗ್ ಬ್ಯಾಂಡನ್ನು ಊರಿನ ಉಳಿದವರಂತೆ ‘ನಮ್ಮ ಬ್ಯಾಂಡ್’ ಎಂದೇ ಕರೆಯುವ ನನಗೆ ಈ ಎರಡು ಮಾತುಗಳಲ್ಲಿ ಒಂದನ್ನೂ ಒಪ್ಪಲಾಗಲಿಲ್ಲ.

ಈ ಬ್ಯಾಂಡಿನ ಈಚಿನ ವರ್ಷಗಳ ಧ್ವನಿಮುದ್ರಿಕೆಗಳಲ್ಲಿ ನಾನು ಮತ್ತೆಮತ್ತೆ ಕೇಳುತ್ತಿರುವುದು 2020ರಲ್ಲಿ ಹೊರಬಂದ ‘ಜಾಕೆಟ್ಸ್ ಎಕ್ಸ್‌ಎಲ್’. ಯೆಲ್ಲೋಜಾಕೆಟ್ಸ್ ಎಂಬ ಅಮೆರಿಕದ ನಾಲ್ವರ ತಂಡ ಹಿಂದೆ ನುಡಿಸಿದ್ದ ರಚನೆಗಳನ್ನು ಇಲ್ಲಿ ಇಡೀ ಬ್ಯಾಂಡಿಗೆ ಒಪ್ಪುವಂತೆ ಹೊಸದಾಗಿ ಬರೆಯಲಾಗಿದೆ. ಆ ತಂಡದ ಸ್ಯಾಕ್ಸೊಫೋನ್ ವಾದಕ ಬಾಬ್ ಮಿಂಟ್ಜರ್ ಅವರೇ ಆಗ ಕೊಲೋನ್ ಬ್ಯಾಂಡಿನ ಮುಖ್ಯ ನಿರ್ದೇಶಕರೂ ಆಗಿದ್ದುದರಿಂದ, ಅತಿಥಿಗಳನ್ನು ಮುಂದೆ ಕೂರಿಸಿ ಬ್ಯಾಂಡನ್ನು ಹಿಂದೆ ತಳ್ಳುವ ಸಾಮಾನ್ಯ ದೋಷ ಇದರಲ್ಲಿಲ್ಲ. 1986ರಷ್ಟು ಹಿಂದಿನ ‘ರೆವೆಲೇಶನ್’ ಎಂಬ ರಚನೆ ಕಪ್ಪು ಜನರ ಚರ್ಚಿನ ಹಾಡುಗಾರಿಕೆಯ ನಡೆಯಲ್ಲಿದೆ. ಪಾದ್ರಿ ಒಂದು ಸಾಲು ಹೇಳಿದರೆ ಸಭೆಯೆಲ್ಲ ಓಗೊಡುವ ಆ ರೂಢಿಗೆ ನಾಲ್ಕು ವಾದ್ಯಗಳಿಗಿಂತ ಒಂದು ದೊಡ್ಡ ಬ್ಯಾಂಡೇ ಹೆಚ್ಚು ಹೊಂದುತ್ತದೆ ಎಂದು ನನಗನ್ನಿಸುತ್ತದೆ. ಮಿಂಟ್ಜರ್ ಅಲ್ಲಲ್ಲಿ ಊದುವ ಎಲೆಕ್ಟ್ರಾನಿಕ್ ವಾದ್ಯ ಮಾತ್ರ ನನ್ನ ಕಿವಿಗೆ ಅಷ್ಟಾಗಿ ಹಿತವೆನಿಸಲಿಲ್ಲ. ಅವರ ಟೆನರ್ ಸ್ಯಾಕ್ಸೊಫೋನಿನ ನಾದ ಅಷ್ಟು ತುಂಬಿರುವಾಗ ಅದರ ಅಗತ್ಯವೇನಿತ್ತೋ ತಿಳಿಯದು.

ಬಿಗ್ ಬ್ಯಾಂಡ್ ಎಂದರೆ ಸಾಮಾನ್ಯವಾಗಿ ಐದು ಸ್ಯಾಕ್ಸೊಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರೊಂಬೋನ್, ಅವುಗಳ ಜೊತೆಗೆ ಪಿಯಾನೊ, ಬಾಸ್, ಡ್ರಮ್ಸ್. ಆ ಬರಹದ ಲೇಖಕರು ಇದನ್ನು ‘ದೊಡ್ಡ ಸದ್ದು’ ಎಂದಿದ್ದಾರೆ. ಸದ್ದಿನ ಮಟ್ಟಿಗೆ ಅದು ನಿಜವೇ. ಆದರೆ ಐದು ಸ್ಯಾಕ್ಸೊಫೋನುಗಳು ಒಟ್ಟಾಗಿ ಒಂದು ದೀರ್ಘ ಪಂಕ್ತಿಯನ್ನು ನುಡಿಸುವ ಜಾಗವನ್ನು ಗಮನವಿಟ್ಟು ಕೇಳಿದವರಿಗೆ ಬೇರೆಯೇ ಒಂದು ಕುಶಲತೆ ತಿಳಿಯುತ್ತದೆ. ಮೇಲಿನ ಸ್ವರವನ್ನು ಹಿಡಿಯುವ ಲೀಡ್ ಆಲ್ಟೊ, ಅಂದರೆ ಆ ಐವರ ಮುಂದಾಳಾದ ಸ್ಯಾಕ್ಸೊಫೋನ್ ವಾದಕ ಯಾವ ಸ್ವರವನ್ನು ಎಷ್ಟು ಹೊತ್ತು ಎಳೆಯುತ್ತಾನೆ, ಎಲ್ಲಿ ಕೂದಲೆಳೆಯಷ್ಟು ಜಾರಿಸುತ್ತಾನೆ, ಎಲ್ಲಿ ಉಸಿರು ಮುರಿಯುತ್ತಾನೆ ಎಂಬುದನ್ನು ಅದೇ ಸಾಲಿನಲ್ಲಿ ಕುಳಿತ ಉಳಿದ ನಾಲ್ವರು ಅವನ ಮುಖ ನೋಡದೆಯೇ ಅನುಸರಿಸಬೇಕು. ಮುಂದಿರುವ ಹಾಳೆಯಲ್ಲಿ ಇದಾವುದೂ ಬರೆದಿರುವುದಿಲ್ಲ. ಕಾಲಪ್ರಮಾಣದ ವಿಷಯವೂ ಹೀಗೆಯೇ. ಹಾಳೆಯ ಮೇಲೆ ಸಮನಾಗಿ ಬರೆದ ಎರಡು ಅಕ್ಷರಕಾಲಗಳನ್ನು ಒಂದು ಉದ್ದ, ಒಂದು ಗಿಡ್ಡವಾಗಿ ನುಡಿಸುವುದೇ ಸ್ವಿಂಗ್. ನಮ್ಮ ತಾಳದ ಲೆಕ್ಕದಲ್ಲಿ ಹೇಳುವುದಾದರೆ ಅದು ತಿಶ್ರ ನಡೆಗೂ (ಮೂರರ ಎಣಿಕೆ) ಚತುರಶ್ರ ನಡೆಗೂ (ನಾಲ್ಕರ ಎಣಿಕೆ) ನಡುವೆ ಎಲ್ಲೋ ಇದ್ದು, ವೇಗ ಹೆಚ್ಚಿದಂತೆ ಚತುರಶ್ರದ ಕಡೆಗೆ ವಾಲುತ್ತದೆ. ಹದಿಮೂರು ಊದುವಾದ್ಯಗಾರರು ಆ ನಡುವಿನ ಒಂದೇ ಬಿಂದುವಿನಲ್ಲಿ ನಿಲ್ಲುವುದು ಹೇಗೆಂದರೆ, ವರ್ಷಗಟ್ಟಲೆ ಒಬ್ಬರ ಪಕ್ಕದಲ್ಲಿ ಒಬ್ಬರು ಕುಳಿತು ನುಡಿಸಿರುವುದರಿಂದ. ಒಂದು ದಿನದ ಮಟ್ಟಿಗೆ ಕರೆಸಿಕೊಂಡ ಎಷ್ಟೇ ದೊಡ್ಡ ವಿದ್ವಾಂಸರಿಂದಲೂ ಇದು ಸಾಧ್ಯವಾಗದು.

ಹಾಗೆ ಕುಳಿತಿರಲು ಸಂಬಳ ಬೇಕು. ಜರ್ಮನಿಯ ಬಹುತೇಕ ಪ್ರತಿ ಮನೆಯೂ ತಿಂಗಳ ಲೆಕ್ಕದಲ್ಲಿ ಪ್ರಸಾರ ಶುಲ್ಕ ಕೊಡುತ್ತದೆ. 2021ರಲ್ಲಿ ಅದು ತಿಂಗಳಿಗೆ 18.36 ಯೂರೊ ಎಂದು ನಿಗದಿಯಾಯಿತು. ಈ ಬ್ಯಾಂಡ್ ಬದುಕಿರುವುದು ಆ ಹಣದಿಂದ. ನಮ್ಮಲ್ಲಿಯೂ ಹಿಂದೆ ಅಂಚೆ ಕಚೇರಿಗೆ ಹೋಗಿ ರೇಡಿಯೊ ಲೈಸೆನ್ಸಿನ ಹಣ ಕಟ್ಟಿಬರುತ್ತಿದ್ದುದನ್ನು ಹಿರಿಯ ಓದುಗರು ನೆನಪಿಸಿಕೊಂಡಾರು. ಕೊಲೋನ್ ರೇಡಿಯೊದವರು 1957ರಲ್ಲಿ ಕುರ್ಟ್ ಎಡೆಲ್‌ಹಾಗೆನ್ ಎಂಬ ನಿರ್ದೇಶಕರನ್ನು ಕರೆತಂದಾಗ ಅವರು ಸ್ಕಾಟ್ಲೆಂಡ್, ಬೆಲ್ಜಿಯಂ, ಯುಗೊಸ್ಲಾವಿಯ ಮೊದಲಾದ ಕಡೆಗಳಿಂದ ವಾದಕರನ್ನು ಕೂಡಿಸಿ, ಯುದ್ಧ ಮುಗಿದು ಹನ್ನೆರಡೇ ವರ್ಷ ಕಳೆದಿದ್ದ ಈ ನೆಲದಲ್ಲಿ ಒಂದು ಅಂತರರಾಷ್ಟ್ರೀಯ ಬ್ಯಾಂಡನ್ನು ಕಟ್ಟಿದರು. ಇಂದಿನ ಬ್ಯಾಂಡಿನಲ್ಲಿಯೂ ಆ ಬೆರಕೆ ಮುಂದುವರಿದಿದೆ. ಊರಿನವರ ಅಕ್ಕರೆಗೆ ಒಂದು ನಿದರ್ಶನ ಕೊಡಬಹುದು: ಬ್ಯಾಂಡ್ ಆಗಾಗ ನುಡಿಸುವ ಫಿಲ್ಹಾರ್ಮೊನಿ ಸಭಾಂಗಣ ಒಂದು ಚೌಕದ ಅಡಿಯಲ್ಲಿದ್ದು, ಮೇಲೆ ನಡೆಯುವವರ ಹೆಜ್ಜೆಯ ಸದ್ದು ಕೆಳಗೆ ಕೇಳಿಸುವುದರಿಂದ, ಕಛೇರಿಯ ಹೊತ್ತಿನಲ್ಲಿ ಕಾವಲುಗಾರರು ನಿಂತು ಜನರನ್ನು ಸುತ್ತಿಬಳಸಿ ಹೋಗುವಂತೆ ಕಳುಹಿಸುತ್ತಾರೆ. ಹೋಗುವವರು ಗೊಣಗುತ್ತಾರೆ, ಆದರೂ ಸುತ್ತಿಕೊಂಡೇ ಹೋಗುತ್ತಾರೆ.

ಇನ್ನು ನಮ್ಮ ನಾಡಿನ ನಂಟಿನ ಮಾತು. ಬೆಂಗಳೂರಿನಲ್ಲಿ 1964ರಲ್ಲಿ ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿಯವರು ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಕಲಾವಿದರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ 1983ರಲ್ಲಿ ‘ಜ್ಯೋತಿ’ ಎಂಬ ಮುದ್ರಿಕೆಯನ್ನು ಹೊರತಂದರು. ಅದರಲ್ಲಿ ಹಾಡಿದವರೂ ರಚನೆಗಳನ್ನು ಕೊಟ್ಟವರೂ ಆರ್.ಎ. ರಮಾಮಣಿಯವರು. ಮರಿಯಾನೊ ಮುಂದೆ ಕೊನೆಯವರೆಗೂ ಕೊಲೋನ್‌ನಲ್ಲಿಯೇ ಇದ್ದರು. ನಾನು ಮೇಲೆ ಹೇಳಿದ ಇದೇ ರೇಡಿಯೊ ಬಿಗ್ ಬ್ಯಾಂಡ್, ಅವರನ್ನೂ ಬೆಂಗಳೂರಿನ ಈ ಕಲಾವಿದರನ್ನೂ ಸೇರಿಸಿಕೊಂಡು, ಪಿಯಾನೊ ವಾದಕ ಮೈಕ್ ಹರ್ಟಿಂಗ್ ಅವರ ಮುಂದಾಳ್ತನದಲ್ಲಿ ‘ಸ್ಕೆಚಸ್ ಆಫ್ ಬ್ಯಾಂಗಲೋರ್’ ಎಂಬ ಮುದ್ರಿಕೆಯನ್ನೇ ಮಾಡಿದೆ. ಬೆಂಗಳೂರಿನ ಹೆಸರು ಹೊತ್ತ ಬಿಗ್ ಬ್ಯಾಂಡ್ ಸಂಗೀತ ಇರುವಾಗ ನಂಟಿಲ್ಲವೆಂದು ಬರೆಯುವುದು ಸರಿಯೇ?

ನಂಟು ಅದಕ್ಕಿಂತಲೂ ಹಳೆಯದು ಎಂಬುದನ್ನು ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಅರಮನೆ ತನ್ನ ಖರ್ಚಿನಲ್ಲಿ ಪಾಶ್ಚಾತ್ಯ ವಾದ್ಯಗಳ ವೃಂದವನ್ನು ಸಾಕಿತ್ತು. 1930ರ ದಶಕದಲ್ಲಿ ಅದನ್ನು ನಡೆಸಿದವರು ಒಟ್ಟೊ ಸ್ಮಿಟ್ ಎಂಬ ಜರ್ಮನ್ ನಿರ್ದೇಶಕರು. ತಾವೇ ಪಿಯಾನೊ ಬಲ್ಲವರಾಗಿದ್ದ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್ಹಾರ್ಮೊನಿಯ ಕಾನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರಾದುದಲ್ಲದೆ, ರಷ್ಯದ ಸಂಗೀತಕಾರ ಮೆಡ್ಟ್‌ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೂ ಹಣ ಒದಗಿಸಿದರು. ನಾಗಸ್ವರ ವಾದಕರ ಮಗನಾದ ಕದ್ರಿ ಗೋಪಾಲನಾಥ್ ಅವರು ಸ್ಯಾಕ್ಸೊಫೋನಿಗೆ ಮಾರುಹೋದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ಅದೇ ವಾದ್ಯದಲ್ಲಿ ಅವರು ಕರ್ನಾಟಕ ಸಂಗೀತವನ್ನು ಒಲಿಸಿಕೊಂಡು 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಎಂಬ ಸಂಗೀತೋತ್ಸವದಲ್ಲಿ ನುಡಿಸಿದರು. ಅರಮನೆ ಆ ಬ್ಯಾಂಡಿಗೆ ಸಂಬಳ ಕೊಡದೆ ಹೋಗಿದ್ದರೆ ಗೋಪಾಲನಾಥರ ಕೈಗೆ ನಾಗಸ್ವರವೇ ಬರುತ್ತಿತ್ತೇನೋ.

ಆ ಪರಂಪರೆ ಪೂರ್ತಿಯಾಗಿ ಅಳಿದಿಲ್ಲ. ದಸರಾ ಸಮಯದಲ್ಲಿ ಪೊಲೀಸ್ ಇಲಾಖೆಯ ಕರ್ನಾಟಕ ವಾದ್ಯವೃಂದವನ್ನೂ ಆಂಗ್ಲ ವಾದ್ಯವೃಂದವನ್ನೂ ಕೇಳಿದವರಿಗೆ, ಸರ್ಕಾರದ ಸಂಬಳದಲ್ಲಿ ವರ್ಷಗಟ್ಟಲೆ ಒಟ್ಟಿಗೆ ಕುಳಿತು ನುಡಿಸಿದವರ ಹೊಂದಿಕೆ ಎಂಥದೆಂದು ಗೊತ್ತು. ಆದರೆ ಅವರನ್ನು ನಾವು ಕೇಳುವುದು ಮೈದಾನದ ಗದ್ದಲದಲ್ಲಿ, ಧ್ವನಿವರ್ಧಕದ ಮೂಲಕ, ಕುದುರೆ ಕವಾಯತಿಗೂ ಪಟಾಕಿಗೂ ನಡುವೆ. ಮೈಸೂರಿನಲ್ಲಿಯೇ ಆಕಾಶವಾಣಿ ನಿಲಯವಿದೆ, ಅಲ್ಲಿ ಸ್ಟುಡಿಯೊ ಇದೆ. ಇಲಾಖೆಯೂ ನಿಲಯವೂ ಮಾತಾಡಿಕೊಂಡು, ದಸರೆಯ ಅವಸರವಿಲ್ಲದ ತಿಂಗಳಲ್ಲಿ ಈ ಎರಡು ವೃಂದಗಳನ್ನೂ ಅಲ್ಲಿ ಕೂರಿಸಿ, ಸಾವಧಾನವಾಗಿ ಧ್ವನಿಮುದ್ರಿಸಿ, ನನ್ನಂಥ ದೂರದವರಿಗೂ ದೊರೆಯುವಂತೆ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಮುದ್ರಿಕೆಯ ಹೊದಿಕೆಯ ಮೇಲೆ ಅಧಿಕಾರಿಗಳ ಸಂದೇಶಗಳಿಗಿಂತ ಮುಂಚೆ ಪ್ರತಿಯೊಬ್ಬ ವಾದಕರ ಹೆಸರು, ಅವರ ವಾದ್ಯ, ಯಾವ ಕೃತಿಗೆ ವಾದ್ಯಸಂಯೋಜನೆ ಯಾರದು ಎಂಬ ವಿವರ ಇರಲಿ. ತಾವೂ ಮುಂದಿನ ದಸರಾ ವರದಿಯಲ್ಲಿ ‘ಪೊಲೀಸ್ ಬ್ಯಾಂಡ್ ಮನರಂಜಿಸಿತು’ ಎಂಬ ಒಂದು ಸಾಲಿಗೇ ನಿಲ್ಲಿಸದೆ, ನಿರ್ದೇಶಕರು ಯಾರು, ಅಂದು ಏನೇನು ನುಡಿಸಿದರು ಎಂಬುದನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಓದುಗ
ಕೊಲೋನ್, ಜರ್ಮನಿ